ಎರಡು ಮನೆಯ ಒಂದೇ ರಾಶಿ

ಸ್ಕಿಪೋಲ್, ಆಮೇಲೆ ವೂರ್‌ಬರ್ಗ್

ಡಚ್ಚರ ದೇಶದ ವಿಮಾನ ನಿಲ್ದಾಣದಲ್ಲಿ ನನ್ನ ತಂಗಿ ಶೈಲಾ ನನ್ನನ್ನು ಅಪ್ಪಿಕೊಳ್ಳಲಿಲ್ಲ. ಇಷ್ಟು ದಿನದ ಮೇಲೆ ನೋಡುತ್ತಿದ್ದೇವೆಂದು ನಾನು ಕೈಚಾಚಿಕೊಂಡು ಹೋದರೆ ಅವಳು ಎರಡು ಮಾರು ಹಿಂದೆ ಸರಿದು, ಚೀಲದಿಂದ ಒಂದು ಪೊಟ್ಟಣ ತೆಗೆದು ತೋರಿಸಿದಳು. ಮೂಗಿಗೆ ಹಾಕಿ ತಿರುವುವ ಕಡ್ಡಿ.

“ಸಿಟ್ಟಾಗಬ್ಯಾಡ ಅಕ್ಕಾ. ಮೊದಲ ಟೆಸ್ಟ್ ಆಗ್ಲಿ, ಆಮ್ಯಾಲೆ ಎಷ್ಟು ಬೇಕಾದ್ರೂ ಅಪ್ಕೊಳ್ಳೋಣು.”

“ಬೆಂಗಳೂರಾಗ ಹಾಕ್ಯಾರಲ್ಲ? ಮತ್ತ ಮತ್ತ ಹಾಕಾಕ ಮೂಗೇನು ಬೋರ್‌ವೆಲ್ಲೇನ?”

ಕರೋನಾದ ಎರಡನೆಯ ಚಳಿಗಾಲ ಅದು. ನಮಗೆಲ್ಲ ಲಸಿಕೆಯಾಗಿತ್ತು, ಸರ್ಕಾರದ ಕಾಗದಗಳೂ ಸರಿಯಿದ್ದವು. ಆದರೆ ವೂರ್‌ಬರ್ಗಿನ ಶೈಲಾಳ ಮನೆಯಲ್ಲಿ ಅವಳದೇ ಸರ್ಕಾರ. ಮಹಡಿಯ ಕೋಣೆಯಲ್ಲಿ ಒಂದಿಷ್ಟು ದಿನ ನನ್ನನ್ನು ಕೂಡಿಹಾಕಿದಳು. ಊಟ ಬಾಗಿಲ ಹೊರಗೆ. ಅವಳ ಗಂಡ ಮಹೇಶ ಉಡುಪಿಯವನು, ಮನೆಯಿಂದಲೇ ಆಫೀಸು ನಡೆಸುತ್ತ ಅಡುಗೆಯನ್ನೂ ನೋಡಿಕೊಳ್ಳುತ್ತಿದ್ದ. ನಾನು ರೊಟ್ಟಿ ಕೇಳಿದರೆ ನೀರುದೋಸೆ ಬರುತ್ತಿತ್ತು. ಬದನೆಕಾಯಿ ಪಲ್ಯಕ್ಕೂ ತೆಂಗಿನೆಣ್ಣೆ. ಅವರ ಮಗಳು ಇರಾ ಬಾಗಿಲಾಚೆ ನಿಂತು ಡಚ್ಚಿನಲ್ಲಿ ಏನೋ ಕೇಳುವಳು, ನಾನು ಬಾಗಲಕೋಟೆ ಕನ್ನಡದಲ್ಲಿ ಏನೋ ಹೇಳುವೆ, ಇಬ್ಬರಿಗೂ ಸಮಾಧಾನ.

ನನ್ನ ಕಸುಬು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಾನು ಸಿಮೆಂಟ್ ಬ್ಲಾಕ್ ಮಾಡಿಸುವವಳು. ಗಂಡ ಶುರುಮಾಡಿದ ಯಾರ್ಡು, ಅವರು ಹೋದ ಮೇಲೆ ನಾನೇ ನಡೆಸುತ್ತಿದ್ದೇನೆ. ಹಾಗಾಗಿ ಯಾವ ಊರಿಗೆ ಹೋದರೂ ಕಣ್ಣು ಮೊದಲು ಹೋಗುವುದು ಗೋಡೆಗೆ. ದೇವಸ್ಥಾನದಲ್ಲಿ ಪೂಜಾರಿ ಮಂಗಳಾರತಿ ಎತ್ತಿದಾಗ ನಾನು ಗಿಲಾವಿನ ಬಿರುಕು ನೋಡುತ್ತ ನಿಂತಿರುತ್ತೇನೆ. ವೂರ್‌ಬರ್ಗಿನ ಆ ಕಿಟಕಿಯಿಂದ ಕಂಡದ್ದು ಬರೀ ಇಟ್ಟಿಗೆ. ಮನೆಗೂ ಇಟ್ಟಿಗೆ, ರಸ್ತೆಗೂ ಇಟ್ಟಿಗೆ. ಗಿಲಾವು ಮಾಡಿ ಮುಚ್ಚುವ ಕೆಲಸವೇ ಇಲ್ಲ. ನಮ್ಮ ಗೌಂಡಿಗಳು ಇಲ್ಲಿ ಬಂದರೆ ಕೆಲಸ ಕಳೆದುಕೊಂಡಾರು ಎನಿಸಿತು.

ಒಂದು ಬೆಳಿಗ್ಗೆ ಎದುರು ಮನೆಯಾತ ಒಳ್ಳೆಯ ಗಟ್ಟಿ ಕುರ್ಚಿಯೊಂದನ್ನು ತಂದು ರಸ್ತೆಯಂಚಿಗಿಟ್ಟು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಕೋಟು ತೊಟ್ಟ ಹೆಂಗಸೊಬ್ಬಳು ಬಂದು, ಕುರ್ಚಿಯನ್ನು ಅಲ್ಲಾಡಿಸಿ ನೋಡಿ, ಸೈಕಲ್ಲಿಗೆ ಕಟ್ಟಿಕೊಂಡು ನಡೆದಳು. ನಾನು ಕಿಟಕಿ ಬಡಿದು ಕೂಗಿದೆ. ಶೈಲಾ ಕೆಳಗಿನಿಂದ ಓಡಿ ಬಂದಳು.

“ಕಳವಲ್ಲ ಅಕ್ಕಾ, ಇವತ್ತ ಗ್ರೋಫ್‌ವೌಲ್. ದೊಡ್ಡ ಸಾಮಾನು ಹೊರಗಿಡೋ ದಿವಸ. ಗಾಡಿ ಬರೋದ್ರಾಗ ಬೇಕಾದೋರು ಒಯ್ಯಬಹುದು.”

ಕೋಣೆಯಿಂದ ಬಿಡುಗಡೆಯಾದ ವಾರವೇ ನಾನೊಂದು ಸ್ಟೂಲು ಎತ್ತಿಕೊಂಡು ಬಂದೆ. ಬಾಗಲಕೋಟೆಯಲ್ಲಿ ಯಾರಾದರೂ ಬಿಸಾಡಿದ ಸ್ಟೂಲಿಗೆ ನಾನು ಕೈಹಚ್ಚುತ್ತಿದ್ದೆನೇ? ಪರದೇಶಕ್ಕೆ ಬಂದರೆ ಮಾನದ ಅಳತೆಯೂ ಬದಲಾಗುತ್ತದೆ.

ರೈಸ್‌ವೈಕ್

ಶೈಲಾ ಕಟ್ಟಡ ಸಾಮಗ್ರಿ ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಎಂಜಿನಿಯರು. ವಾರವೆಲ್ಲ ಅಲ್ಲಿ ಕಲ್ಲು ಒಡೆಯುತ್ತಾಳೆ, ಶನಿವಾರವಾದರೂ ಸುಮ್ಮನಿರದೆ ರೈಸ್‌ವೈಕಿನ ಒಂದು ಯಾರ್ಡಿಗೆ ಹೋಗುತ್ತಾಳೆ. “ನಡಿ, ನಿನಗ ಸೇರೋ ಜಾಗ ತೋರಸ್ತೀನಿ,” ಎಂದು ನನ್ನನ್ನೂ ಕರೆದೊಯ್ದಳು.

ಗೋದಾಮುಗಳ ಹಿಂದೆ, ಕಾಲುವೆಯ ದಂಡೆಗೆ ಆ ಯಾರ್ಡು. ಒಡೆಯ ಹೆಂಕ್, ಎಪ್ಪತ್ತು ದಾಟಿದ ಉದ್ದನೆಯ ಆಸಾಮಿ. ಜೀವನವೆಲ್ಲ ಮನೆ ಕೆಡವುವ ಕೆಲಸ ಮಾಡಿ ನಿವೃತ್ತರಾದವರು. ಇಲ್ಲಿ ಎಲ್ಲರೂ ಅವರನ್ನು ‘ಹೆಂಕ್’ ಎಂದೇ ಕರೆಯುತ್ತಾರೆ. ಅಷ್ಟು ಹಿರಿಯರನ್ನು ಬರೀ ಹೆಸರಿನಿಂದ ಕರೆಯಲು ನನ್ನ ನಾಲಿಗೆ ತಿರುಗಲಿಲ್ಲ, ‘ಹೆಂಕಪ್ಪ’ ಎಂದೆ. ಅರ್ಥ ಕೇಳಿದರು, ಶೈಲಾ ಹೇಳಿದಳು. ಅಂದಿನಿಂದ ಬೇರೆಯವರು ಹೆಂಕ್ ಎಂದರೆ ಅವರಿಗೇ ಏನೋ ಕಡಿಮೆಯಾದಂತೆ ಕಾಣುತ್ತಿತ್ತು.

ಇನ್ನೊಬ್ಬ ಯೂಸುಫ್. ಇರಾಕಿನ ಮೊಸುಲ್ ಊರಿನವನು, ನಲವತ್ತರ ಹತ್ತಿರ. ಅಲ್ಲಿ ಸಿವಿಲ್ ಎಂಜಿನಿಯರಾಗಿದ್ದವನು ಯುದ್ಧದಲ್ಲಿ ಓಡಿ ಬಂದು, ನಿರಾಶ್ರಿತರ ಶಿಬಿರದಲ್ಲಿ ಕಾಲ ಕಳೆದು, ಈಗ ಇಲ್ಲಿ ಕೆಡವುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ನನ್ನನ್ನು ಕಂಡದ್ದೇ ‘ಖಾಲಾ’ ಎಂದ. ನಮ್ಮ ಓಣಿಯ ಮುಸಲ್ಮಾನರ ಮಕ್ಕಳು ಚಿಕ್ಕವ್ವನನ್ನು ಕರೆಯುವ ಅದೇ ಮಾತು. ಇಷ್ಟು ದೂರ ಬಂದು ಅದನ್ನು ಕೇಳಿ ನನಗೆ ಅವನ ಮೇಲೆ ಅಲ್ಲೇ ಮಾಯೆ ಹುಟ್ಟಿತು.

ಅವರ ಕೆಲಸ ಇಷ್ಟು. ಕೆಡವಿದ ಮನೆಯ ಕಲ್ಲುಮಣ್ಣನ್ನು ಆರಿಸುವುದು, ಕಬ್ಬಿಣ, ಕಟ್ಟಿಗೆ, ಜಿಪ್ಸಮ್ ಬೇರೆ ಮಾಡುವುದು, ಉಳಿದದ್ದನ್ನು ಚಿಕ್ಕ ಮಷಿನ್ನಿನಲ್ಲಿ ಪುಡಿಮಾಡಿ ಜಲ್ಲಿಖಡಿಯ ಬದಲಿಗೆ ಹಾಕಿ ಬ್ಲಾಕ್ ಮಾಡುವುದು. ಒಂದು ಬ್ಲಾಕ್ ಎತ್ತಿ ನೋಡಿದೆ. ಬೆರಳಿನಿಂದ ಬಡಿದೆ, ಮೊಳೆಯಿಂದ ಗೀರಿದೆ, ಅಂಚು ತಿಕ್ಕಿದೆ. ನನ್ನ ಯಾರ್ಡಿನ ಮಾಲಿಗಿಂತ ಚೂರೂ ಕಡಿಮೆಯಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಲು ಸ್ವಲ್ಪ ಹೊಟ್ಟೆಯುರಿಯಾಯಿತು, ಆದರೂ ಹೇಳಿದೆ.

“ಖಾಲಾ, ಇದನ್ನ ನನ್ನ ಅಕ್ಕನಿಗೆ ಹೇಳಿ,” ಎಂದ ಯೂಸುಫ್ ಇಂಗ್ಲಿಷಿನಲ್ಲಿ.

ಅವನ ಅಕ್ಕ ಸಲ್ಮಾ ಮೊಸುಲ್‌ನಲ್ಲೇ ಇದ್ದಳು. ಯುದ್ಧದಲ್ಲಿ ಗಂಡನೂ ಹೋದ, ಮನೆಯೂ ಬಿತ್ತು. ಅಂದಿನಿಂದ ಬಾಡಿಗೆಯ ಒಂದು ಕೋಣೆ. ಬಿದ್ದ ಮನೆ ಇನ್ನೂ ಹಾಗೇ ಓಣಿಯಲ್ಲಿ ರಾಶಿಯಾಗಿ ಕೂತಿತ್ತು. ಅದೇ ರಾಶಿಯಿಂದ ಬ್ಲಾಕ್ ಮಾಡಿ, ಅದೇ ಜಾಗದಲ್ಲಿ ಅವಳಿಗೆ ಮನೆ ಕಟ್ಟಿಸಬೇಕು, ಆಮೇಲೆ ಓಣಿಯ ಉಳಿದವರಿಗೂ ದಾರಿ ತೋರಿಸಬೇಕು ಎಂಬುದು ಯೂಸುಫ್‌ನ ಹಟ. ಊರಿನಲ್ಲಿ ಅವನ ಕಕ್ಕನ ಮಗ ಮಷಿನ್ ಹೊಂದಿಸಿಟ್ಟಿದ್ದ. ಇಲ್ಲಿ ಹದ ಕಲಿತು ವಿಡಿಯೊ ಕಳಿಸಿದರೆ ಅಲ್ಲಿ ಕೆಲಸ. ಮನೆ ಅಕ್ಕತಮ್ಮ ಇಬ್ಬರ ಹೆಸರಿನಲ್ಲಿತ್ತು, ಸಲ್ಮಾ ಹ್ಞೂಂ ಎನ್ನಬೇಕಿತ್ತು, ಅವಳು ಎನ್ನುತ್ತಿರಲಿಲ್ಲ. ಹೊಸ ವರ್ಷವಾದ ಮೇಲೆ ನಗರಸಭೆಯ ಟ್ರಕ್ಕುಗಳು ಬಂದು ಓಣಿಯ ರಾಶಿಗಳನ್ನೆಲ್ಲ ಊರ ಹೊರಗೆ ಸುರಿಯಲಿದ್ದವು. ಆಮೇಲೆ ಕಲ್ಲೂ ಇಲ್ಲ, ಕೊಳ್ಳಲು ಹಣವೂ ಇಲ್ಲ.

“ಗಟ್ಟಿಯಿರಲ್ಲ ಅಂತ ಅವಳಿಗೆ ಹೆದರಿಕೆ,” ಎಂದ ಯೂಸುಫ್. “ಅದಕ್ಕೇ ನಿಮ್ಮ ತಂಗಿಯ ಲ್ಯಾಬಿನಲ್ಲಿ ಒತ್ತಿ ಒಡೆದು, ವಿಡಿಯೊ ಮಾಡಿ ತೋರಿಸ್ತೀನಿ.”

ಹಾರ್ಲೆಮ್

ಹಾರ್ಲೆಮ್‌ನಲ್ಲಿ ಹಳೆಯ ಮನೆಯೊಂದನ್ನು ಇಳಿಸುತ್ತಿದ್ದರು, ಅದರ ಇಟ್ಟಿಗೆಚೂರು ತರಲು ಯೂಸುಫ್ ವ್ಯಾನ್ ತೆಗೆದ. ನಾನೂ ಹತ್ತಿದೆ. ಊರು ನೋಡಲು ಬಂದವರು ಚರ್ಚಿನ ಕಡೆ ನಡೆದರು, ನಾವು ಕಸದ ಕಡೆ.

ಕೆಡವುವುದು ಎಂದು ನಾನು ಹೇಳಿದರೆ ತಪ್ಪಾದೀತು, ಅವರು ಮನೆಯನ್ನು ಬಿಚ್ಚುತ್ತಿದ್ದರು. ಬಾಗಿಲು ಬೇರೆ, ಗಾಜು ಬೇರೆ, ಕೈಯಿಂದ ಗಾರೆ ಕೆರೆದ ಇಟ್ಟಿಗೆ ಸಾಲಾಗಿ ಬೇರೆ. ಹಳೆಯ ಇಟ್ಟಿಗೆಗೆ ಇಲ್ಲಿ ಹೊಸದಕ್ಕಿಂತ ಹೆಚ್ಚು ಗಿರಾಕಿಯಂತೆ. ನನಗೆ ನಮ್ಮ ಮುಳುಗಡೆಯ ದಿನಗಳು ಕಣ್ಣಿಗೆ ಕಟ್ಟಿದವು. ಆಣೆಕಟ್ಟಿನ ನೀರು ಏರುತ್ತದೆಂದಾಗ ನಮ್ಮೂರಿನ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿದ್ದರು. ಟ್ರ್ಯಾಕ್ಟರಿನ ಮೇಲೆ ತೊಲೆ, ಕಂಬ, ಚೌಕಟ್ಟು, ಅದರ ಮೇಲೆ ಅಜ್ಜಿ. ನಮ್ಮ ಕಲ್ಲು ಮಂದಿಯ ಕಲ್ಲಿನಲ್ಲಿ ಬೆರೆಯಬಾರದೆಂದು ನಮ್ಮವ್ವ ಒಂದೊಂದಕ್ಕೂ ಸುಣ್ಣದ ಬೊಟ್ಟಿಟ್ಟಿದ್ದಳು. ಪಕ್ಕದ ಮನೆಯವರೂ ಸುಣ್ಣದ್ದೇ ಬೊಟ್ಟಿಟ್ಟರು. ಆ ಜಗಳ ಹೊಸ ಊರಿನಲ್ಲೂ ಬಹಳ ದಿನ ನಡೆಯಿತು. ಯೂಸುಫ್‌ಗೆ ಇದನ್ನು ಹೇಳಿದರೆ ಸ್ಟಿಯರಿಂಗ್ ಬಡಿದು ನಕ್ಕ.

ಹಿಂದಿರುಗುವಾಗ ಅವನು ಕರೀಮ್‌ನ ಮಾತು ತೆಗೆದ. ಕರೀಮ್ ಮೊಸುಲ್‌ನಲ್ಲಿ ಅವರ ಪಕ್ಕದ ಮನೆಯ ಹುಡುಗ, ಓರಗೆಯವನು. ಒಂದೇ ಶಾಲೆ, ಒಂದೇ ಕಾಲೇಜು. ಯುದ್ಧದಲ್ಲಿ ಅವನು ಟರ್ಕಿಗೆ ಹೋದನಂತೆ, ಹಾಗೆಂದು ಸಲ್ಮಾ ಹೇಳಿದ್ದಳು. ಅಂದಿನಿಂದ ಒಂದು ಫೋನಿಲ್ಲ, ಒಂದು ಮೆಸೇಜಿಲ್ಲ.

“ಅಲ್ಲಿ ದೊಡ್ಡ ಮನುಷ್ಯ ಆಗಿರ್ತಾನೆ, ಖಾಲಾ. ಅವನ ಮದುವೆಗೆ ನಾನು ಮೂರು ದಿನ ಪಾತ್ರೆ ಹೊತ್ತಿದ್ದೆ. ಈಗ ನನ್ನ ನಂಬರ್ ಕೂಡ ಇಟ್ಟುಕೊಂಡಿಲ್ಲ.”

ಮುನಿದ ಮಕ್ಕಳ ದನಿ ಅದು. ದೊಡ್ಡವರಾದ ಮೇಲೆ ಎಲ್ಲರೂ ಹಾಗೇ ಎಂದು ನಾನು ಸಮಾಧಾನ ಹೇಳಿದೆ.

ಹೇಗ್, ಹೆಂಕಪ್ಪನ ಮನೆ

ಮನೆಗೆ ಇಷ್ಟೇ ಅತಿಥಿಗಳು ಬರಬೇಕೆಂದು ಇಲ್ಲಿನ ಸರ್ಕಾರ ಟಿವಿಯಲ್ಲಿ ಹೇಳುತ್ತಿತ್ತು, ಜನ ಕೇಳುತ್ತಿದ್ದರು. ನಮ್ಮಲ್ಲಿ ಸೀಮಂತಕ್ಕೆ ಇಷ್ಟೇ ಜನ ಎಂದರೆ ಅದು ಅಡುಗೆಯವರ ಸಂಖ್ಯೆ. ಹೆಂಕಪ್ಪ ಬೆರಳೆಣಿಸಿ ನನ್ನನ್ನೂ ಶೈಲಾಳನ್ನೂ ಕಾಫಿಗೆ ಕರೆದರು.

ಅವರದು ಹೇಗ್‌ನಲ್ಲಿ ಎರಡನೆಯ ಮಹಾಯುದ್ಧವಾದ ಮೇಲೆ ಕಟ್ಟಿದ ಸಾಲುಮನೆ. ಯುದ್ಧದ ಕೊನೆಗೆ ಆ ಊರಿನ ಒಂದು ಬಡಾವಣೆಯೇ ಬಾಂಬಿಗೆ ನೆಲಸಮವಾಗಿತ್ತು. ಮನೆ ಕಳೆದುಕೊಂಡವರು ಸಾವಿರಾರು, ಸಾಮಾನಿಗೆ ಬರ. ಆಗ ಬಿದ್ದ ಮನೆಗಳನ್ನೇ ಪುಡಿಮಾಡಿ ಸಿಮೆಂಟಿಗೆ ಸೇರಿಸಿ ಇಂಥ ಮನೆ ಎಬ್ಬಿಸಿದರೆಂದು ಹೆಂಕಪ್ಪನ ತಂದೆ ಹೇಳುತ್ತಿದ್ದರಂತೆ. ಹೆಂಕಪ್ಪ ಅದನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ. ಪರದೆ ಕೋಲಿಗೆ ಒಂದು ತೂತು ಕೊರೆಯಬೇಕಿತ್ತು, ನನ್ನೆದುರೇ ಡ್ರಿಲ್ ಹಚ್ಚಿದರು. ಮೊದಲು ಬೂದು ಪುಡಿ ಉದುರಿತು, ಆಮೇಲೆ ಕೆಂಪು, ಮತ್ತೆ ಬೂದು, ಆಮೇಲೆ ಗಟ್ಟಿ ಏನೋ ಸಿಕ್ಕಿ ಡ್ರಿಲ್ ಕಿರುಚಿತು.

“ಈ ಗೋಡೆಯಲ್ಲಿ ನೇರ ತೂತು ಸಾಧ್ಯವಿಲ್ಲ,” ಎಂದರು ಹೆಂಕಪ್ಪ. “ಯಾರ ಮನೆಯ ಯಾವ ಕಲ್ಲು ಅಡ್ಡ ಬರುತ್ತದೋ ಗೊತ್ತಿಲ್ಲ. ನನ್ನ ಹೆಂಡತಿಗೆ ಕೊನೆಯವರೆಗೂ ಈ ಸೊಟ್ಟ ಪರದೆ ಕಂಡರೆ ಸಿಟ್ಟು.”

ಕೆಳಗೆ ಬಿದ್ದ ಕೆಂಪು ಪುಡಿಯನ್ನು ನಾನು ಬೆರಳಲ್ಲಿ ಮುಟ್ಟಿದೆ. ಯಾರದೋ ಅಡುಗೆಮನೆ, ಯಾರದೋ ಮಗು ಮಲಗಿದ್ದ ಕೋಣೆ. ಅದರಲ್ಲಿ ಸತ್ತವರೂ ಇದ್ದಿರಬಹುದು. ನಮ್ಮ ಕಡೆ ಮನೆ ಕಟ್ಟುವವರು ಕೆಟ್ಟದ್ದು ನಡೆದ ಮನೆಯ ಕಟ್ಟಿಗೆಯನ್ನು ಮುಟ್ಟುವುದಿಲ್ಲ. ಸಲ್ಮಾ ಒಪ್ಪದಿರುವುದೂ ಇದಕ್ಕೇ ಇರಬೇಕು ಎಂದು ನನ್ನ ತಲೆಗೆ ಹೊಳೆಯಿತು. ಗುಟ್ಟು ಹಿಡಿದೆನೆಂಬ ಜಂಬದಲ್ಲಿ ಕಾಫಿ ಕುಡಿದೆ.

ರೈಸ್‌ವೈಕ್, ಹಿಮ

ಲ್ಯಾಬಿನಲ್ಲಿ ಒಡೆದು ತೋರಿಸಲೆಂದು ಯೂಸುಫ್ ಒಂದು ಕಂತು ಬ್ಲಾಕ್ ಮಾಡಿದ. ಹಾರ್ಲೆಮ್‌ನಿಂದ ತಂದ ಮಾಲು, ಅವನೇ ಕೈಯಾರೆ ಆರಿಸಿದ್ದು. ಅಚ್ಚಿನಿಂದ ತೆಗೆದು ಚಪ್ಪರದ ಕೆಳಗೆ ಹಲಗೆಯ ಮೇಲಿಟ್ಟು, ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಹಳೆಯ ರಜಾಯಿ ಹೊದಿಸಿದ್ದರು. ಮರುದಿನ ಸಂಜೆ ಶೈಲಾ ಒಳಗೆ ಹೆಂಕಪ್ಪನೊಡನೆ ಲೆಕ್ಕಾಚಾರ ಮಾಡುತ್ತಿದ್ದಾಗ ನಾನೊಬ್ಬಳೇ ಹೊರಗೆ ಅಡ್ಡಾಡುತ್ತ ಅಲ್ಲಿಗೆ ಹೋದೆ. ರಜಾಯಿ ಎತ್ತಿ ನೋಡಿದರೆ ಬ್ಲಾಕಿನ ಮೇಲ್ಮೈ ಒಣಗಿ ಬೆಳ್ಳಗಾಗಿತ್ತು.

ಎಲಾ ಇವರ! ನೀರೇ ಹಾಕಿಲ್ಲವಲ್ಲ!

ನಮ್ಮಲ್ಲಿ ಹೊಸ ಬ್ಲಾಕಿಗೆ ನೀರು ತಪ್ಪಿದರೆ ಅದು ಹಿಟ್ಟಾಗುತ್ತದೆ. ಬೆಳಿಗ್ಗೆ ಸಂಜೆ ಪೈಪು ಹಿಡಿಯಬೇಕು, ಮೇಲೆ ಹಸಿ ಗೋಣಿತಟ್ಟು. ಊರಲ್ಲಿ ನಾನು ಹಬ್ಬದ ದಿನವೂ ಮೊದಲು ಬ್ಲಾಕಿಗೆ ನೀರು ಕುಡಿಸಿ ಆಮೇಲೆ ದೇವರಿಗೆ ಕೈಮುಗಿಯುವವಳು. ಇವರು ಕಲಿತವರು, ಮರೆತಿದ್ದಾರೆ ಎಂದುಕೊಂಡೆ. ರಜಾಯಿ ತೊಯ್ದೀತೆಂದು ಮಡಚಿ ಬದಿಗಿಟ್ಟೆ, ಪ್ಲಾಸ್ಟಿಕ್ ಸರಿಸಿದೆ, ನಲ್ಲಿಯಿಂದ ಬಕೆಟ್ ತುಂಬಿ ತಂದು ಪ್ರತಿ ಬ್ಲಾಕಿಗೂ ಮನಸಾರೆ ಸುರಿದೆ. ಕೈ ಮರಗಟ್ಟಿತು, ಮನಸ್ಸು ತಂಪಾಯಿತು. ಒಳ್ಳೆಯ ಕೆಲಸ ಮಾಡಿ ಹೇಳಿಕೊಳ್ಳಬಾರದೆಂದು ಯಾರಿಗೂ ಹೇಳಲಿಲ್ಲ. ನಾನು ಹೇಳಿಕೊಳ್ಳದ ಒಂದೇ ಒಂದು ಒಳ್ಳೆಯ ಕೆಲಸ ಅದು.

ಆ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬಿತ್ತು. ಬೆಳಿಗ್ಗೆ ಯೂಸುಫ್ ಫೋನು ಮಾಡಿದ. ನಾವು ಹೋಗುವಷ್ಟರಲ್ಲಿ ಬ್ಲಾಕುಗಳ ಮೂಲೆಗಳು ಉದುರಿದ್ದವು, ಮೈ ಹಪ್ಪಳದಂತೆ ಎದ್ದಿತ್ತು. ಮುಟ್ಟಿದರೆ ಪುಡಿ.

“ಅಕ್ಕಾ, ನೀರ ಹಾಕಿದ್ಯಾ?” ಶೈಲಾ ಮೆಲ್ಲಗೆ ಕೇಳಿದಳು.

“ಹಾಕಿದ್ನಿ. ಬ್ಲಾಕಿಗೆ ನೀರ ಹಾಕದ ಮತ್ತೇನ್ ಹಾಕಬೇಕು?”

“ಇಲ್ಲಿ ಥಂಡ್ಯಾಗ ನೀರ ಒಳಗ ಹೋಗಿ ಬರ್ಫ್ ಆಗತೈತಿ, ಉಬ್ಬಿ ಒಡಿತೈತಿ. ಅದಕ್ಕ ಹೊಚ್ಚಿ ಬೆಚ್ಚಗ ಇಟ್ಟಿದ್ರು.”

ನನ್ನ ಮುಖ ಏನಾಯಿತೋ, ಯೂಸುಫ್ ಬೈಯಲಿಲ್ಲ. ಹಿಡಿಯಷ್ಟು ಪುಡಿ ಎತ್ತಿ ನೋಡಿ, “ಪರವಾಗಿಲ್ಲ ಖಾಲಾ, ಇನ್ನೊಂದು ಕಂತು ಮಾಡೋಣ,” ಎಂದ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಮನೆಗೆ ಬಂದು ಊಟ ಸೇರಲಿಲ್ಲ. ಟ್ರಕ್ಕು ಬರುವ ದಿನ ಹತ್ತಿರವಾಗುತ್ತಿತ್ತು, ನಾನು ಅವನ ದಿನಗಳನ್ನು ಬಕೆಟ್ಟಿನಲ್ಲಿ ಸುರಿದು ಹಾಳುಮಾಡಿದ್ದೆ.

ಮೊಸುಲ್‌ನ ಫೋನು

ಪರೀಕ್ಷೆ ಯಾಕೆ ತಡವಾಯಿತೆಂದು ಯೂಸುಫ್ ಅಕ್ಕನಿಗೆ ಹೇಳಿದಾಗ ಸಲ್ಮಾ ನಕ್ಕಳಂತೆ. ಬಹಳ ಕಾಲದ ಮೇಲೆ ಅವಳ ನಗು ಕೇಳಿದೆ ಎಂದು ಅವನು ಬೆರಗಾಗಿ ಹೇಳಿದ. ನೀರು ಹಾಕಿದ ಆ ಹೆಂಗಸಿನೊಡನೆ ತಾನು ಮಾತಾಡಬೇಕು ಎಂದಳಂತೆ.

ಯಾರ್ಡಿನ ಚಿಕ್ಕ ಆಫೀಸಿನಲ್ಲಿ ಶೈಲಾಳ ಲ್ಯಾಪ್‌ಟಾಪಿನ ಮುಂದೆ ಕೂತೆವು. ಪರದೆಯ ಮೇಲೆ ನನಗಿಂತ ಸ್ವಲ್ಪ ಚಿಕ್ಕವಳಾದ ಹೆಂಗಸು, ಬೂದು ಸ್ಕಾರ್ಫು, ಹಿಂದೆ ಒಂದೇ ಕಿಟಕಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು. ನನ್ನದು ಸೈಟಿನ ಇಂಗ್ಲಿಷು, ಅವಳದು ಕ್ಲಾಸಿನ ಇಂಗ್ಲಿಷು, ನಡುವೆ ಶೈಲಾ.

“ಹಿಮ ಬೀಳುವ ದಿನ ನೀರು ಹಾಕಿದಿರಾ?”

“ನಮ್ಮೂರಲ್ಲಿ ಹಾಕದಿದ್ದರೆ ಬ್ಲಾಕ್ ಹಿಟ್ಟಾಗುತ್ತದೆ.”

“ಇಲ್ಲಿಯೂ,” ಎಂದು ಮತ್ತೆ ನಕ್ಕಳು. “ಹಾಗಾದರೆ ನೀವು ಸರಿ, ಊರು ತಪ್ಪು.”

ಹೆಂಗಸು ನನಗೆ ಹಿಡಿಸಿದಳು. ಅವಳೂರಿನ ಬಿಸಿಲು, ನಮ್ಮೂರಿನ ಬಿಸಿಲು, ಅವಳ ಮೊಣಕಾಲು, ನನ್ನ ಮೊಣಕಾಲು ಎಂದು ಮಾತು ಬೆಳೆಯಿತು. ನಡುನಡುವೆ ಯೂಸುಫ್ ಬ್ಲಾಕಿನ ಬಲದ ಮಾತು ತೂರಿಸುತ್ತಿದ್ದ. ಸಲ್ಮಾ ಅರಬ್ಬಿಯಲ್ಲಿ ಏನೋ ಅಂದಳು. ಅವನು ಎದ್ದು, “ಗಂಡಸರು ಹೊರಗಂತೆ,” ಎಂದು ಚಹಾ ಮಾಡಲು ಹೋದ.

ನಾನು ನನ್ನ ಜಾಣತನ ಬಿಚ್ಚಿದೆ. “ನಮ್ಮಲ್ಲೂ ಸಾವಾದ ಮನೆಯ ಕಲ್ಲು ಬಳಸಲು ಹೆದರುತ್ತಾರೆ. ಹೋಮ, ಶಾಂತಿ ಮಾಡಿಸಿದರೆ ದೋಷ ಹೋಗುತ್ತದೆ ಎನ್ನುತ್ತಾರೆ. ನಿಮ್ಮಲ್ಲೂ ಏನಾದರೂ ಇರಬೇಕಲ್ಲ?”

“ಇಲ್ಲ,” ಎಂದಳು ಸಲ್ಮಾ. “ಇಲ್ಲಿ ಸಾವಾಗದ ಮನೆ ಯಾವುದಿದೆ? ಹಾಗೆ ನೋಡಿದರೆ ನಾವೆಲ್ಲ ಬಯಲಲ್ಲೇ ಇರಬೇಕು.”

ಯೂಸುಫ್ ಹತ್ತಿರದಲ್ಲಿಲ್ಲವಲ್ಲ ಎಂದು ಕೇಳಿಕೊಂಡಳು. ಆಮೇಲೆ ಪಾಠ ಹೇಳುವವಳಂತೆ ಒಂದೊಂದೇ ವಾಕ್ಯ ಹೇಳಿದಳು.

“ನಮ್ಮ ಪಕ್ಕದ್ದು ಉಮ್ ಕರೀಮ್‌ಳ ಮನೆ. ಎರಡೂ ಒಂದೇ ದಿನ ಬಿದ್ದವು. ಈಗ ಎರಡೂ ಸೇರಿ ಒಂದೇ ರಾಶಿ. ಕರೀಮ್ ಅದರೊಳಗಿದ್ದಾನೆ.”

ಉಮ್ ಕರೀಮ್ ಎಂದರೆ ಕರೀಮ್‌ನ ತಾಯಿ. ನಮ್ಮ ಕಡೆ ಬಸ್ಯಾನ ಅವ್ವ ಎಂದು ಕರೆಯುವ ಹಾಗೆ. ನಾನು ಶೈಲಾಳ ಮುಖ ನೋಡಿದೆ.

“ಅವ ಟರ್ಕಿಗೆ ಹೋಗ್ಯಾನ ಅಂತಿದ್ದನಲ್ಲ ಯೂಸುಫ್?” ಎಂದೆ ಅವಳಿಗೆ. ಶೈಲಾ ಅದನ್ನೇ ಸಲ್ಮಾಳನ್ನು ಕೇಳಿದಳು.

“ಅದು ನಾವೇ ಕಟ್ಟಿದ ಕಥೆ. ಆಗ ಯೂಸುಫ್ ನೀವಿರುವ ಆ ದೇಶದ ಶಿಬಿರದಲ್ಲಿದ್ದ. ಕಾಗದಪತ್ರವಿಲ್ಲ, ನಿದ್ದೆಯಿಲ್ಲ. ಕೇಳಿದ್ದರೆ ತಿರುಗಿ ಬಂದುಬಿಡುತ್ತಿದ್ದ, ಇವನನ್ನೂ ಕಳೆದುಕೊಳ್ಳುತ್ತಿದ್ದೆವು. ಒಂದು ವಾರ ತಡೆದು ಹೇಳೋಣ ಎಂದುಕೊಂಡೆವು. ಆ ವಾರ ಇನ್ನೂ ಮುಗಿದಿಲ್ಲ.”

ಅಗೆದವರಿಗೆ ಬೇರೆಯವರು ಸಿಕ್ಕರು, ಕರೀಮ್ ಸಿಗಲಿಲ್ಲ. ಅವನ ಹೆಂಡತಿ ತವರಿಗೆ ಹೋದಳು. ತಾಯಿ ಮಾತ್ರ ದಿನಾ ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ರಾಶಿಯ ಬದಿಗೆ ಹಾಕಿಕೊಂಡು ಕೂರುತ್ತಾಳಂತೆ.

“ಅವಳ ಕಣ್ಣೆದುರು ನಾನು ಪುಡಿಮಾಡುವ ಮಷಿನ್ ಹೇಗೆ ತರಲಿ? ಟ್ರಕ್ಕು ಬಂದು ಒಯ್ಯುತ್ತದೆ, ಅದೂ ಗೊತ್ತು. ಯೂಸುಫ್ ನನಗೆ ಬ್ಲಾಕಿನ ಗಟ್ಟಿತನ ಹೇಳುತ್ತಾನೆ. ನಾನು ಅವನಿಗೆ ಏನು ಹೇಳಲಿ?”

ಬಾಗಿಲು ತಳ್ಳಿಕೊಂಡು ಯೂಸುಫ್ ಚಹಾದ ತಟ್ಟೆ ಹಿಡಿದು ಬಂದ. ಸಲ್ಮಾ ಚಟ್ಟನೆ ನಗುಮುಖ ಮಾಡಿ ಮೊಣಕಾಲಿನ ಎಣ್ಣೆಯ ಮಾತಿಗೆ ತಿರುಗಿದಳು. ನಾನೂ ತಿರುಗಿದೆ. ಇಂಥ ನಾಟಕಕ್ಕೆ ಯಾರೂ ಕಲಿಸಬೇಕಿಲ್ಲ, ನಮ್ಮೂರಲ್ಲೂ ದೂರ ಇದ್ದವರಿಗೆ ಹೀಗೇ ಮಾಡುತ್ತೇವೆ.

ಚಹಾ

ಆ ವಾರ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಯಾರ್ಡಿಗೆ ಹೋದರೆ ಯೂಸುಫ್ ಏಲಕ್ಕಿ ಹಾಕಿ ಚಹಾ ಮಾಡಿಕೊಡುವ, ಅಕ್ಕ ಏನಂದಳು ಎಂದು ಕೇಳುವ. ಹೆಂಗಸರ ಮಾತು ಎನ್ನುವೆ. ಒಂದು ದಿನ ಹೊಸ ಕಂತಿಗೆ ರಜಾಯಿ ಹೊದಿಸುತ್ತ, “ಕರೀಮ್ ಇದ್ದಿದ್ದರೆ ನನಗೆ ಇಷ್ಟು ಕಷ್ಟ ಇರಲಿಲ್ಲ ಖಾಲಾ, ಮಷಿನ್ ಕೆಲಸ ಎಲ್ಲ ಅವನೇ ನೋಡ್ಕೋತಿದ್ದ. ಟರ್ಕಿಯಲ್ಲಿ ಮಜವಾಗಿದ್ದಾನೆ, ಪಾಪಿ,” ಎಂದ. ಚಹಾದ ಲೋಟ ಕೆಳಗಿಟ್ಟೆ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆದರೆ ನನ್ನ ಅರೆಬರೆ ಇಂಗ್ಲಿಷಿನಲ್ಲಿ, ಕಾಲುವೆ ದಂಡೆಯಲ್ಲಿ, ಅಂಥ ಸುದ್ದಿ ಹೇಳುವ ಹಕ್ಕು ನನಗಿರಲಿಲ್ಲ. ರಜಾಯಿಯ ಇನ್ನೊಂದು ತುದಿ ಹಿಡಿದೆ.

ಮನೆಗೆ ಬಂದು ಶೈಲಾಳಿಗೆ ಹೇಳಿದೆ, “ಸಲ್ಮಾಗ ಫೋನ್ ಹಚ್ಚು.”

“ಏನ್ ಹೇಳ್ತಿ?”

“ನೀ ಹಚ್ಚು.”

ಸಲ್ಮಾ ಪರದೆಗೆ ಬಂದಳು. ನಾನು ಸುತ್ತಿ ಬಳಸಲಿಲ್ಲ. “ನಾನು ಅವನಿಗೆ ಹೇಳುವುದಿಲ್ಲ, ಅದು ನಿಮ್ಮದು. ಆದರೆ ಅವನ ಚಹಾ ಇನ್ನು ನನಗೆ ಇಳಿಯುವುದಿಲ್ಲ. ಸತ್ತವನ ಮೇಲೆ ಅವನು ಮುನಿಸಿಕೊಂಡಿದ್ದಾನೆ. ಅಳಬೇಕಾದವನು ಬೈಯುತ್ತಿದ್ದಾನೆ. ಇದು ಅವನಿಗೆ ಮಾಡುವ ಅನ್ಯಾಯ, ಸಲ್ಮಾ.”

ಶೈಲಾ ಅದನ್ನು ಮೆತ್ತಗೆ ಮಾಡದೆ ಹಾಗೇ ಇಂಗ್ಲಿಷಿಗೆ ತಂದಳು. ಸಲ್ಮಾ ಸ್ಕಾರ್ಫಿನ ಅಂಚು ಬಿಗಿಮಾಡಿಕೊಂಡಳು. “ಶುಕ್ರವಾರ,” ಎಂದಷ್ಟೇ ಹೇಳಿದಳು.

ಶುಕ್ರವಾರ ತಮ್ಮನಿಗೆ ಹೇಳಿದಳು. ಶನಿವಾರ ಯೂಸುಫ್ ಯಾರ್ಡಿಗೆ ಬರಲಿಲ್ಲ. ಮುಂದಿನ ದಿನಗಳಲ್ಲೂ ಬರಲಿಲ್ಲ, ಫೋನೆತ್ತಲಿಲ್ಲ. ಹೆಂಕಪ್ಪ ದಿನಾ ಸೈಕಲ್ ತುಳಿದು ಅವನ ಮನೆ ಬಾಗಿಲಿಗೆ ಬ್ರೆಡ್ಡು ಇಟ್ಟು ಬಂದರು. ಗಂಟೆ ಬಾರಿಸಿ, ನಿಯಮದಂತೆ ದೂರ ಸರಿದು ನಿಂತು, ಕಿಟಕಿಯಲ್ಲಿ ಅವನ ನೆರಳು ಕಂಡ ಮೇಲೆ ತಿರುಗುತ್ತಿದ್ದರಂತೆ. ನಾನು ತಪ್ಪು ಮಾಡಿದೆನೇನೋ ಎಂದು ಶೈಲಾಳನ್ನು ಕೇಳಿ ಕೇಳಿ ಅವಳ ತಲೆ ತಿಂದೆ.

ಮತ್ತೆ ರೈಸ್‌ವೈಕ್

ನಾನು ಹೊರಡುವ ದಿನ ಬಂತು. ಯಾರ್ಡಿಗೆ ಹೇಳಿಹೋಗಲು ಹೋದರೆ ಯೂಸುಫ್ ಅಲ್ಲಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಹೆಂಕಪ್ಪ ಕೊಟ್ಟ ಬ್ರೆಡ್ಡು ಕಾಗದದಲ್ಲಿ ಹಾಗೇ ಇತ್ತು. “ನಿನ್ನೆಯದೂ ತಿಂದಿಲ್ಲ,” ಎಂದು ಹೆಂಕಪ್ಪ ನನ್ನ ಕಿವಿಯಲ್ಲಿ ದೂರಿದರು.

“ಖಾಲಾ, ನಿಮಗೆ ಗೊತ್ತಿತ್ತು,” ಎಂದ ಯೂಸುಫ್.

“ಗೊತ್ತಿತ್ತು.”

ತಲೆಯಾಡಿಸಿದ. ಸಿಟ್ಟಿರಲಿಲ್ಲ. ಮೇಜಿನ ಮೇಲೆ ಮನೆಯ ನಕ್ಷೆ ಹರಡಿತ್ತು. ಸಲ್ಮಾಳ ಮನೆಗೂ ಪಕ್ಕದ ಮನೆಗೂ ಬೇರೆ ಬೇರೆ ಗೋಡೆ ಎಳೆದು, ನಡುವೆ ಗೇಣು ಜಾಗ ಬಿಟ್ಟಿದ್ದ. ಮುಂದೆ ತಂಟೆ ಬರಬಾರದೆಂದು ಯಾವ ಎಂಜಿನಿಯರಾದರೂ ಮಾಡುವುದು ಹಾಗೆಯೇ. ನಮ್ಮ ಕಡೆ ನಡುಗೋಡೆಯ ಜಗಳದಲ್ಲಿ ಎಷ್ಟು ವಕೀಲರು ಮನೆ ಕಟ್ಟಿಸಿಕೊಂಡಿಲ್ಲ? ಒಳ್ಳೆಯದು ಮಾಡಿದೆ ಎಂದೆ. ಮಷಿನ್ ಬೇಡವೆಂದು ಉಮ್ ಕರೀಮ್ ಹೇಳಿದರೆ ಈ ನಕ್ಷೆ ಹರಿದುಹಾಕುವುದಾಗಿ ಅವನು ಹೇಳಿದ. ಅವಳನ್ನು ಕೇಳಲೆಂದೇ ಆ ದಿನ ಕರೆ ಹಚ್ಚಿದ್ದ.

ಪರದೆ ಬೆಳಗಿತು. ಹೊರಗಡೆ, ಬಿಸಿಲಲ್ಲಿ, ಫೋನು ಹಿಡಿದು ಸಲ್ಮಾ. ಅವಳ ಪಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಪ್ಪು ಬಟ್ಟೆಯ ಮುದುಕಿ. ಹಿಂದೆ ಬಾಗಿದ ಸರಳು, ಕಲ್ಲು, ಸುಣ್ಣದ ಹೆಂಟೆ, ಹಾಸಿಗೆಯ ಹರಿದ ಚೂರು. ಯೂಸುಫ್ ಎದ್ದು ನಿಂತ. ಮುದುಕಿಯೇ ಶುರುಮಾಡಿದಳು, ಸಲ್ಮಾ ನಮಗಾಗಿ ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಂದಳು.

“ಮಷಿನ್ ತರಿಸು. ಆದರೆ ಮೊದಲು ಕೈಯಿಂದ ಆರಿಸಿರಿ. ಓಣಿಯ ಹೆಂಗಸರೆಲ್ಲ ಬರುತ್ತಾರೆ, ನಾನು ಜರಡಿ ಹಿಡಿಯುತ್ತೇನೆ. ಟ್ರಕ್ಕಿನವರು ಬಂದರೆ ನಾನು ಈ ಕುರ್ಚಿಯಿಂದ ಏಳುವುದಿಲ್ಲ, ನೋಡೋಣ. ಅವನು ಸಿಕ್ಕರೆ ಮಣ್ಣು ಕೊಡುತ್ತೇನೆ.”

ಯೂಸುಫ್ ಮೇಜಿನ ಅಂಚು ಹಿಡಿದುಕೊಂಡಿದ್ದ.

“ಸಿಗದಿದ್ದರೆ, ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಮೊದಲಿದ್ದ ಹಾಗೆ ಒಂದೇ ಗೋಡೆ ಕಟ್ಟು. ಅದಕ್ಕೆ ಈ ರಾಶಿಯದೇ ಬ್ಲಾಕ್ ಹಾಕು. ಆ ಕಡೆ ಸಲ್ಮಾ ಇರಲಿ, ಈ ಕಡೆ ಗೋಡೆಗೆ ತಾಗಿ ನಾನು ಹಾಸಿಗೆ ಹಾಸಿಕೊಳ್ಳುತ್ತೇನೆ.”

ಅವನು ಪೆನ್ನು ತೆಗೆದು ನಕ್ಷೆಯ ಮೇಲೆ ಒಂದು ಗೋಡೆಯನ್ನು ಹೊಡೆದುಹಾಕಿದ. ಹೆಂಕಪ್ಪ ಮೂಗು ಒರೆಸಿಕೊಳ್ಳುತ್ತ ಹೊರಗೆ ಹೋದರು. ಮುದುಕಿ ಫೋನಿನ ಹತ್ತಿರ ಬಾಗಿ, ಅವನ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿ, ಏನೋ ಕೇಳಿದಳು. ಸಲ್ಮಾ ಅದನ್ನೂ ಬಿಡದೆ ಹೇಳಿದಳು.

“ಊಟ ಮಾಡಿದೆಯಾ, ಎಂದು ಕೇಳುತ್ತಿದ್ದಾಳೆ.”

“ಮಾಡಿದೆ,” ಎಂದ ಯೂಸುಫ್.

ಮುದುಕಿ ನಂಬಲಿಲ್ಲ. ಏನು ತಿಂದೆ ಎಂದು ಕೇಳಿದಳು. ಅವನು ನಿಂತಲ್ಲೇ ಅಳತೊಡಗಿದ. ಅವಳು ಅವನನ್ನು ಅಳಲು ಬಿಟ್ಟು, ಕುರ್ಚಿ ಎಳೆದುಕೊಂಡು ಪರದೆಗೆ ಇನ್ನೂ ಹತ್ತಿರ ಕೂತಳು.